ಸ್ತೋತ್ರ ಬೇರೆ, ರೇಟು ಬೇರೆ



ಡಿಸೆಂಬರ್ 31ರ ರಾತ್ರಿ ನಾವು ಕ್ರೈಸ್ತರು ಮೊದಲು ಕಳೆದ ವರ್ಷಕ್ಕೆ ಕೃತಜ್ಞತೆ ಹೇಳ್ತೀವಿ, ಆಮೇಲೆ ಹೊಸ ವರ್ಷಕ್ಕೆ ಬೇಡ್ಕೊಳ್ತೀವಿ. 2025-26ರಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2400 ರೂಪಾಯಿ ಇತ್ತು. ಶಿರಾಳಕೊಪ್ಪದಲ್ಲಿ ನನಗೆ ಅಷ್ಟು ಸಿಗಲಿಲ್ಲ. ಮತ್ತೆ ಕೃತಜ್ಞತೆ ಯಾವುದಕ್ಕೆ ಅಂತೀರಾ?

ಭೂಮಿ ಹುಣ್ಣಿಮೇಲಿ ನೀವು ಬುಟ್ಟಿ ಹೊತ್ತು ಗದ್ದೆಗೆ ಹೋಗೋದು ಫಸಲು ಮನೆಗೆ ಬರೋಕೆ ಮುಂಚೆ, ರೇಟು ಗೊತ್ತಾಗೋಕೂ ಮುಂಚೆ. ನಮ್ಮ ಸ್ತೋತ್ರವೂ ಹಂಗೇ. ಮಳೆಗೆ, ಮಣ್ಣಿಗೆ, ಜೊತೆಗೆ ದುಡಿದ ಕೈಗಳಿಗೆ.

ಹಂಗಂತ ಸ್ತೋತ್ರ ಹೇಳಿದವರು ಕಮ್ಮಿ ರೇಟಿಗೆ ತಲೆಯಾಡಿಸಬೇಕಿಲ್ಲ. ಭರವಸೆ ಇದ್ದವನೇ ಬಾಯಿಬಿಟ್ಟು ಕೇಳ್ತಾನೆ. ಉಳಿದ ಜೋಳವನ್ನ ತೇವ ಶೇ 14ಕ್ಕೆ ಇಳಿಯೋ ಹಂಗೆ ಒಣಗಿಸಿಡಿ. ಬೆಂಬಲ ಬೆಲೆಗೆ ಖರೀದಿ ಮಾಡಿ ಅಂತ ಜಾತಿ-ಮತ ನೋಡದೆ ಎಲ್ಲರೂ ಸೇರಿ ಕೇಳೋಣ.