ಮನೆಯ ಋಣ

ಡಿಸೆಂಬರ್ ತಿಂಗಳಲ್ಲಿ ಕೃಷ್ಣರಾಜನಗರದ ಬಯಲಿನಲ್ಲಿ ಭತ್ತದ ಕೊಯ್ಲು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಹರಾಜು. ನೆರೆಯ ಕೊಡಗಿನಲ್ಲಿ ಕಾಫಿಯ ಕೊಯ್ಲು. ದುಡಿಮೆಯ ಈ ಸುಗ್ಗಿಯ ನಡುವೆಯೇ ಕ್ರಿಸ್ತಜಯಂತಿ ಬರುತ್ತದೆ. ದೂರದಲ್ಲಿರುವ ಮಕ್ಕಳು ಮನೆಗೆ ಮರಳುತ್ತಾರೆ.

ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ದೇವಾಲಯವಿದೆ. 2019ರಲ್ಲಿ ಬಸಿಲಿಕ ಎಂಬ ಗೌರವ ಪಡೆದ ಈ ಕ್ಷೇತ್ರಕ್ಕೆ ಎಲ್ಲ ಮತದವರೂ ಬರುತ್ತಾರೆ. ಅಂತೋಣಿಯವರು ಸಂತ ಫ್ರಾನ್ಸಿಸರ ಸಂಘಕ್ಕೆ ಸೇರಿದವರು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಕ್ರಿಸ್ತನ ಜನನದೃಶ್ಯವನ್ನು ಹುಲ್ಲು, ಎತ್ತು, ಕತ್ತೆಗಳೊಡನೆ ಜನರ ಕಣ್ಣಮುಂದೆ ನಿಲ್ಲಿಸಿದವರು ಆ ಫ್ರಾನ್ಸಿಸರೇ. ಇಂದು ಕ್ರೈಸ್ತರ ಮನೆಗಳಲ್ಲಿ ಕಟ್ಟುವ ಗೋದಲಿ ಆ ಪರಂಪರೆಯದು. ತಂಗಲು ಮನೆಯಿಲ್ಲದೆ ಕೊಟ್ಟಿಗೆಯನ್ನು ಆಶ್ರಯಿಸಿದ ಒಂದು ಕುಟುಂಬವನ್ನು ಅದು ನೆನಪಿಸುತ್ತದೆ.

ಗೋದಲಿಯ ಮುಂದೆ ನಿಂತು, ಮನೆ ಕೊಟ್ಟ ದೇವರನ್ನು ಸ್ತುತಿಸುವುದು ಉಚಿತವೇ. ಆದರೆ ನಸುಕಿನಲ್ಲೆದ್ದು ಒಲೆಯ ಮುಂದೆ ಬೆವರುವ ತಾಯಿಗೆ ಒಂದು ಕೊಡ ನೀರು ತಂದುಕೊಡದ ಮಗನ ಸ್ತುತಿ ಅರ್ಧವೇ ಸರಿ. ಹೆಗ್ಗಡದೇವನಕೋಟೆಯ ಹಾಡಿಗಳಿಂದ ಕಾಫಿ ಕೊಯ್ಲಿಗೆ ಹೋದವರ ಮನೆಗಳಲ್ಲಿ ಆ ದಿನ ಮುದುಕರೂ ಮಕ್ಕಳೂ ಮಾತ್ರ ಉಳಿದಿರಬಹುದು. ಅವರಿಗೂ ನಮ್ಮ ಪಂಕ್ತಿಯಲ್ಲಿ ಒಂದು ಎಲೆ ಹಾಕಬೇಕು. ಕೃತಜ್ಞತೆ ನಾಲಗೆಯಿಂದ ಕೈಗೆ ಇಳಿದಾಗಲೇ ಮನೆಯ ಋಣ ಸ್ವಲ್ಪವಾದರೂ ತೀರುತ್ತದೆ.