‘ಸರ್ವರ್ ಇಲ್ಲ’ ಎಂಬ ಉತ್ತರ

“ಸರ್ವರ್ ಇಲ್ಲರೀ, ನಾಳೆ ಬರ್ರಿ.” ಮುದ್ದೇಬಿಹಾಳದ ಸೀಮೆಯಲ್ಲಿ ಉತಾರಕ್ಕಾಗಿ ಅಲೆದ ಯಾವ ರೈತನಿಗೂ ಈ ಮಾತು ಹೊಸತಲ್ಲ. ಹಿಂದೆ ‘ಸಾಹೇಬರು ಇಲ್ಲ’ ಎನ್ನುತ್ತಿದ್ದರು. ಸಾಹೇಬರು ಎಲ್ಲಿಗೆ ಹೋದರೆಂದಾದರೂ ವಿಚಾರಿಸಬಹುದಾಗಿತ್ತು. ಸರ್ವರ್ ಎಲ್ಲಿಗೆ ಹೋಯಿತೆಂದು ಕೇಳುವ ಧೈರ್ಯ ಯಾರಿಗಿದೆ? ಎಷ್ಟೋ ಸಲ ಆ ಯಂತ್ರವು ಬೆಂಗಳೂರಿನಲ್ಲಿ ತನ್ನ ಪಾಡಿಗೆ ತಾನು ದುಡಿಯುತ್ತಲೇ ಇರುತ್ತದೆ. ಕಡಿದುಹೋಗಿರುವುದು ನಡುವಣ ದಾರಿ. ಇವೆರಡರ ಭೇದವನ್ನು ಅರಿಯುವಷ್ಟು ತಿಳಿವಳಿಕೆ ಪ್ರಜೆಗೆ ಇರಲೇಬೇಕೆಂಬುದು ನನ್ನ ಮತ.

2000ದ ಸುಮಾರಿಗೆ ನಮ್ಮ ರಾಜ್ಯವು ‘ಭೂಮಿ’ ಯೋಜನೆಯಡಿ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಲಾಠಿಯ ದಾರಿ ಕಾಯುವ ಕಷ್ಟ ತಪ್ಪಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಮೊದಲಲ್ಲಿ ತಾಲೂಕಿನ ಯಂತ್ರದಲ್ಲಿಯೇ ಇದ್ದ ದಾಖಲೆಗಳು ಮುಂದೆ ಬೆಂಗಳೂರಿನ ಕೇಂದ್ರಕ್ಕೆ ಜೋಡಣೆಯಾದವು. ಅದರಿಂದ ಲಾಭವೂ ಉಂಟು: ಎಲ್ಲಿ ಬೇಕಾದರೂ ಉತಾರ ಸಿಕ್ಕೀತು. ಆದರೆ ಅಂದಿನಿಂದ ರೈತನ ಕಾಗದವು ಒಂದು ತಂತಿಯ ಆಯುಷ್ಯಕ್ಕೆ ಕಟ್ಟುಬಿದ್ದಿತು.

ಈ ತಂತ್ರಜ್ಞಾನದ ಮೂಲ ವಿಚಾರವು ಇದಕ್ಕೆ ತೀರ ವಿರುದ್ಧವಾದುದು. ಹಳೆಯ ದೂರವಾಣಿಯಲ್ಲಿ ಇಬ್ಬರು ಮಾತನಾಡುವಷ್ಟು ಹೊತ್ತೂ ಒಂದು ದಾರಿ ಅವರಿಗಾಗಿಯೇ ಮೀಸಲು. 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್, ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಇಬ್ಬರೂ ಬೇರೆ ಬೇರೆಯಾಗಿಯೇ ಇನ್ನೊಂದು ಉಪಾಯ ಕಂಡರು. ಸಂದೇಶವನ್ನು ಚಿಕ್ಕ ಪೊಟ್ಟಣಗಳಾಗಿ ಒಡೆಯಬೇಕು. ಪ್ರತಿಯೊಂದರ ಮೇಲೂ ವಿಳಾಸ, ಕ್ರಮಸಂಖ್ಯೆ ಬರೆಯಬೇಕು. ಯಾವ ದಾರಿ ತೆರವಿದೆಯೋ ಅದರಲ್ಲಿ ಸಾಗಿಸಬೇಕು. ತಲುಪಿದ ಮೇಲೆ ಸಂಖ್ಯೆಯಂತೆ ಜೋಡಿಸಿಕೊಳ್ಳಬೇಕು. ಕಳೆದುಹೋದುದನ್ನು ಮತ್ತೆ ತರಿಸಿಕೊಳ್ಳಬೇಕು. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ತಾಳಿಕೋಟೆಯ ಬಳಿ ಡೋಣಿ ಉಕ್ಕಿ ಸೇತುವೆ ಮುಳುಗಿದಾಗ ವಿಜಯಪುರಕ್ಕೆ ಹೊರಟವರು ಮನೆಗೆ ಮರಳುವುದಿಲ್ಲ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮೇಲೆ ಸುತ್ತಿ ಹೋಗುತ್ತಾರೆ. ಯುದ್ಧದಲ್ಲಿ ಅರ್ಧ ದಾರಿಗಳು ನಾಶವಾದರೂ ಉಳಿದವರು ಮಾತನಾಡುತ್ತಿರಬೇಕೆಂಬುದೇ ಬ್ಯಾರನ್ನನ ಹಂಬಲ.

1969ರ ಅಕ್ಟೋಬರ್ 29ರಂದು ಅಮೆರಿಕದ ಎರಡು ಯಂತ್ರಗಳ ನಡುವೆ ಈ ಬಗೆಯ ಮೊದಲ ಸಂದೇಶ ಹೊರಟಿತು. ‘ಲಾಗಿನ್’ ಎಂಬ ಪದದ ಮೊದಲೆರಡು ಅಕ್ಷರ ತಲುಪುವಷ್ಟರಲ್ಲಿ ಆ ತುದಿಯ ಯಂತ್ರ ಕುಸಿಯಿತು! ಅಂದು ಮಾತ್ರ ‘ಸರ್ವರ್ ಇಲ್ಲ’ ಎಂಬ ಉತ್ತರ ಅಕ್ಷರಶಃ ನಿಜವಾಗುತ್ತಿತ್ತು.

ಹಳ್ಳಿಗಳಿಗೆ ಬಂದ ಜಾಲದಲ್ಲಿ ಈ ಬಳಸುದಾರಿಯನ್ನೇ ಮರೆತೆವು. 2011ರಲ್ಲಿ ಒಪ್ಪಿಗೆ ಪಡೆದು, ಮುಂದೆ ‘ಭಾರತ್‌ನೆಟ್’ ಎನಿಸಿಕೊಂಡ ಯೋಜನೆಯು ಪಂಚಾಯತಿಗಳಿಗೆ ಗಾಜಿನ ಎಳೆಯನ್ನು ಮರದ ಕೊಂಬೆಗಳಂತೆ ಚಾಚಿತು. ರಸ್ತೆ ಅಗೆಯುವ ಜೆಸಿಬಿ ಒಂದು ಕೊಂಬೆಯನ್ನು ಕಡಿದರೆ ಅದರ ಎಲೆಗಳೆಲ್ಲ ಬಾಡುತ್ತವೆ. 2023ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ತಿದ್ದುಪಡಿ ಯೋಜನೆಯಲ್ಲಿ ಉಂಗುರದ ರಚನೆಯಿದೆ: ಪ್ರತಿ ಪಂಚಾಯತಿಗೂ ಎರಡು ಕಡೆಯಿಂದ ದಾರಿ. ಸಂತೋಷ. ಆದರೆ ಉಂಗುರವು ಮೊದಲು ತೊಡಬೇಕಾದುದು ಜಿಲ್ಲಾ ಕೇಂದ್ರದಿಂದ ದೂರವಿರುವ ತಾಲೂಕುಗಳ ಬೆರಳಿಗೆ. ಪಟ್ಟಣದವನಿಗೆ ಒಂದು ತಂತಿ ಹೋದರೆ ಕೈಯಲ್ಲಿ ಮೊಬೈಲು ಇದೆ. ಬೆಳೆವಿಮೆಯ ಕಡೆಯ ದಿನ ಹಳ್ಳಿಯಿಂದ ಬಂದವನಿಗೆ ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಕೆಲವೊಮ್ಮೆ ವಿಮೆಯೇ ಹೋಗುತ್ತದೆ.

ಶಿಕ್ಷಕರಲ್ಲಿ ಒಂದು ಬಿನ್ನಹ. ಪಠ್ಯದಲ್ಲಿರುವ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸುವ ಬದಲು, ಶಾಲೆಯ ಗಣಕದಲ್ಲಿ ‘ಟ್ರೇಸ್‌ರೂಟ್’ ಎಂಬ ಆಜ್ಞೆಯನ್ನು ಒಮ್ಮೆ ಮಾಡಿ ತೋರಿಸಿರಿ. ಪೊಟ್ಟಣವು ಯಾವ ಯಾವ ಠಾಣೆ ದಾಟಿತು, ಎಲ್ಲಿಂದ ಮುಂದೆ ಉತ್ತರವಿಲ್ಲ ಎಂಬುದು ಸಾಲುಸಾಲಾಗಿ ಮೂಡುತ್ತದೆ. ಕಚೇರಿಗಳಿಗಾದರೂ ನಾನು ಕೇಳುವುದು ದೊಡ್ಡದಲ್ಲ: ಕಿಟಕಿಯ ಪಕ್ಕದಲ್ಲಿ ಒಂದು ಕರಿಹಲಗೆ, ಕೆಟ್ಟಿರುವುದು ಯಂತ್ರವೋ, ತಂತಿಯೋ, ವಿದ್ಯುತ್ತೋ, ಎಷ್ಟು ಗಂಟೆಯಿಂದ ಕೆಟ್ಟಿದೆ, ಯಾರಿಗೆ ದೂರು ಹೋಗಿದೆ ಎಂದು ಸೀಮೆಸುಣ್ಣದಲ್ಲಿ ಬರೆದ ನಾಲ್ಕು ಸಾಲು, ಮತ್ತು ಅಂದು ಬಂದವನ ಅರ್ಜಿಗೆ ಅಂದಿನ ತಾರೀಖಿನ ಮುದ್ರೆ.