ಹಾಡಿನ ಅಭಿಮಾನ, ಬೀದಿಯ ರಾಜಕೀಯ ಮತ್ತು ನಮ್ಮ ಮಕ್ಕಳು

ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳಲ್ಲಿ ಈಗ ನಾಲ್ಕು ಮಕ್ಕಳ ನೋಟ್ ಪುಸ್ತಕ ತೆರೆದರೆ ಒಂದರ ಹಿಂದಿನ ಪುಟದಲ್ಲಾದರೂ ‘ಬಿಟಿಎಸ್’ ಎಂದು ಬರೆದಿರುತ್ತದೆ. ಸುತ್ತ ಒಂದು ಹೃದಯದ ಚಿತ್ರ. ಕೆಳಗೆ ಕೊರಿಯನ್ ಲಿಪಿಯಲ್ಲಿ ಏನೋ ಒಂದು ಸಾಲು. ಸ್ಟಾಫ್ ರೂಮಿನಲ್ಲಿ ಇದರ ಮಾತು ಬಂದರೆ ನಾವೆಲ್ಲ ನಗುತ್ತೇವೆ. “ಆ ಹುಡುಗರು ಲಿಪ್‌ಸ್ಟಿಕ್ ಹಚ್ಚಿಕೊಂಡು ಕುಣಿಯುತ್ತಾರಲ್ಲ, ಅವರೇ ಅಲ್ವಾ?” ಎಂದು ಒಬ್ಬರು ಕೇಳುತ್ತಾರೆ. “ಮಗ್ಗಿ ಬರುವುದಿಲ್ಲ, ಕೊರಿಯಾದ ಹಾಡು ಬರುತ್ತದೆ” ಎಂದು ಇನ್ನೊಬ್ಬರು ಹೇಳುತ್ತಾರೆ. ಪಿ.ಟಿ.ಎ. ಸಭೆಯಲ್ಲೂ ಇದೇ ದೂರು.

ನಗುವುದು ಸುಲಭ. ಆದರೆ ಈ ಹಾಡಿನ ಹುಚ್ಚು ಕಳೆದ ಕೆಲವು ವರ್ಷಗಳಲ್ಲಿ ಪ್ರಪಂಚದ ಬೇರೆ ಬೇರೆ ದೇಶಗಳ ರಾಜಕೀಯದಲ್ಲಿ ಏನು ಮಾಡಿದೆ ಎಂದು ನೋಡಿದರೆ ಇದು ಬರೀ ನಗುವ ವಿಷಯವಲ್ಲ ಎಂದು ನನಗೆ ಅನ್ನಿಸುತ್ತದೆ. ಬೈದು ಮುಗಿಸುವ ವಿಷಯವೂ ಅಲ್ಲ. ನಮ್ಮಂಥ ಸಣ್ಣ ಭಾಷಾ ಸಮುದಾಯದ ಶಾಲೆಯವರು ಇದನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು.

ಮೊದಲು ಕೊರಿಯಾದ ಕಥೆಯನ್ನೇ ನೋಡಿ. 2024ರ ಡಿಸೆಂಬರ್ 3ರ ರಾತ್ರಿ ದಕ್ಷಿಣ ಕೊರಿಯಾದ ಅಧ್ಯಕ್ಷ ಯೂನ್ ಸುಕ್ ಯೋಲ್ ಇದ್ದಕ್ಕಿದ್ದಂತೆ ಸೇನಾ ಆಡಳಿತ ಘೋಷಿಸಿದರು. ಸಂಸತ್ತಿನ ಸದಸ್ಯರು ನಡುರಾತ್ರಿಯಲ್ಲಿ ಸೇರಿ ಅದರ ವಿರುದ್ಧ ಮತ ಹಾಕಿದ್ದರಿಂದ ಆರೇ ತಾಸುಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಮುಂದಿನ ದಿನಗಳಲ್ಲಿ ಅಧ್ಯಕ್ಷರನ್ನು ಕೆಳಗಿಳಿಸಬೇಕೆಂದು ಸಂಸತ್ತಿನ ಎದುರು ಲಕ್ಷಾಂತರ ಜನ ಸೇರಿದರು. ಅವರಲ್ಲಿ ಇಪ್ಪತ್ತು ಮೂವತ್ತರ ಪ್ರಾಯದ ಹೆಣ್ಣುಮಕ್ಕಳು ಎದ್ದು ಕಾಣುವಷ್ಟಿದ್ದರು. ಅವರ ಕೈಯಲ್ಲಿ ಇದ್ದದ್ದು ಲೈಟ್ ಸ್ಟಿಕ್. ಅಂದರೆ ತಮ್ಮ ಮೆಚ್ಚಿನ ಹಾಡುಗಾರರ ಕಾರ್ಯಕ್ರಮಕ್ಕೆ ಹೋಗುವಾಗ ಹಿಡಿದುಕೊಳ್ಳುವ ಬ್ಯಾಟರಿಯ ದೀಪದ ಕೋಲು.

ಇದಕ್ಕೂ ಒಂದು ಹಿನ್ನೆಲೆ ಇದೆ. 2016ರಲ್ಲಿ ಅಧ್ಯಕ್ಷೆ ಪಾರ್ಕ್ ಗ್ಯುನ್ ಹೇ ವಿರುದ್ಧ ಜನರು ಮೇಣದ ಬತ್ತಿ ಹಿಡಿದು ಹೋರಾಡಿದಾಗ, ಗಾಳಿ ಬಂದರೆ ಬತ್ತಿ ಆರಿಹೋಗುತ್ತದೆ ಎಂದು ಆಡಳಿತ ಪಕ್ಷದ ಸಂಸದರೊಬ್ಬರು ಹಗುರವಾಗಿ ಮಾತಾಡಿದ್ದರು. ಜನ ಅದಕ್ಕೆ ಗಾಳಿಗೆ ಆರದ ಬ್ಯಾಟರಿ ದೀಪಗಳನ್ನು ತಂದರು. 2024ರ ಹೊತ್ತಿಗೆ ಆ ಜಾಗದಲ್ಲಿ ಈ ಹುಡುಗಿಯರ ಲೈಟ್ ಸ್ಟಿಕ್ ಬಂತು. ‘ಗರ್ಲ್ಸ್ ಜನರೇಶನ್’ ಎಂಬ ತಂಡ 2007ರಲ್ಲಿ ಹಾಡಿದ ‘ಇನ್‌ಟು ದಿ ನ್ಯೂ ವರ್ಲ್ಡ್’ ಎಂಬ ಹಾಡು ಬೀದಿಯ ಹಾಡಾಯಿತು. ಅದು ರಾಜಕೀಯದ ಹಾಡೇ ಅಲ್ಲ. 2016ರಲ್ಲಿ ಸೋಲ್ ನಗರದ ಇಹ್ವಾ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಪೊಲೀಸರ ಎದುರು ಕೈ ಕೈ ಹಿಡಿದು ಅದನ್ನು ಹಾಡಿದ ಮೇಲೆ ಅದಕ್ಕೆ ಬೇರೆಯೇ ಅರ್ಥ ಬಂತು. ಚಳಿಯಲ್ಲಿ ನಿಂತವರಿಗಾಗಿ ಹತ್ತಿರದ ಹೋಟೆಲುಗಳಲ್ಲಿ ಕಾಫಿ, ಊಟಕ್ಕೆ ಮೊದಲೇ ದುಡ್ಡು ಕಟ್ಟಿಟ್ಟವರಿದ್ದರು. ಡಿಸೆಂಬರ್ 14ರಂದು ಸಂಸತ್ತು 204 ಮತಗಳಿಂದ ಮಹಾಭಿಯೋಗವನ್ನು ಅಂಗೀಕರಿಸಿತು. 2025ರ ಏಪ್ರಿಲ್ 4ರಂದು ಸಂವಿಧಾನ ನ್ಯಾಯಾಲಯ ಒಮ್ಮತದಿಂದ ಯೂನ್ ಅವರನ್ನು ಪದಚ್ಯುತಗೊಳಿಸಿತು.

ಹಾಡಿನ ಅಭಿಮಾನಿಗಳೇ ಸರಕಾರ ಉರುಳಿಸಿದರು ಎಂದು ನಾನು ಹೇಳುವುದಿಲ್ಲ. ಅಲ್ಲಿ ಕಾರ್ಮಿಕರು, ರೈತರು, ವಿರೋಧ ಪಕ್ಷದವರು ಎಲ್ಲರೂ ಇದ್ದರು. ಆದರೆ ಅಷ್ಟು ಜನರನ್ನು ಹೊತ್ತಿಗೆ ಸರಿಯಾಗಿ ಸೇರಿಸುವುದು, ಸಾಲಾಗಿ ನಿಲ್ಲಿಸುವುದು, ಒಂದೇ ಸ್ವರದಲ್ಲಿ ಘೋಷಣೆ ಕೂಗಿಸುವುದು, ತಿನ್ನಲು ಕುಡಿಯಲು ವ್ಯವಸ್ಥೆ ಮಾಡುವುದು... ಇದೆಲ್ಲ ಆ ಹುಡುಗಿಯರಿಗೆ ಹೊಸತಾಗಿರಲಿಲ್ಲ. ಅಭಿಮಾನಿ ಬಳಗದಲ್ಲಿ ವರ್ಷಗಟ್ಟಲೆ ಮಾಡಿ ಅಭ್ಯಾಸವಾಗಿತ್ತು.

ಥಾಯ್ಲೆಂಡಿನ ಉದಾಹರಣೆ ನನಗೆ ಇನ್ನೂ ಹೆಚ್ಚು ಇಷ್ಟ. ಅಲ್ಲಿ ಅಭಿಮಾನಿಗಳು ತಮ್ಮ ಕಲಾವಿದರ ಹುಟ್ಟುಹಬ್ಬಕ್ಕೆ ವಂತಿಗೆ ಎತ್ತಿ ರೈಲು ನಿಲ್ದಾಣಗಳಲ್ಲಿ ದೊಡ್ಡ ಜಾಹೀರಾತು ಹಾಕಿಸುತ್ತಿದ್ದರು. 2020ರಲ್ಲಿ ಪ್ರಜಾಪ್ರಭುತ್ವಕ್ಕಾಗಿ ವಿದ್ಯಾರ್ಥಿಗಳು ಬೀದಿಗಿಳಿದಾಗ ಪ್ರತಿಭಟನೆಗೆ ಜನ ಹೋಗದಂತೆ ಬ್ಯಾಂಕಾಕಿನ ನಿಲ್ದಾಣಗಳನ್ನು ಮುಚ್ಚಲಾಯಿತು. ಇನ್ನು ನಿಮಗೆ ಜಾಹೀರಾತು ಕೊಡುವುದಿಲ್ಲ ಎಂದು ಅಭಿಮಾನಿಗಳು ತೀರ್ಮಾನಿಸಿದರು. ಪ್ರತಿಭಟನಕಾರರ ನೆರವಿಗೆ ಲಕ್ಷಗಟ್ಟಲೆ ಬಾತ್ ಸಂಗ್ರಹಿಸಿ ಕೊಟ್ಟರು. ಮುಂದೆ ಜಾಹೀರಾತನ್ನು ಟುಕ್ ಟುಕ್ ಎಂಬ ಆಟೋ ರಿಕ್ಷಾಗಳ ಹಿಂದೆ ಅಂಟಿಸತೊಡಗಿದರು. ಕೊರೋನಾದಿಂದ ಪ್ರವಾಸಿಗಳಿಲ್ಲದೆ ಬರಿಗೈಯಲ್ಲಿದ್ದ ಚಾಲಕರಿಗೆ ಅದರಿಂದ ನಾಲ್ಕು ಕಾಸು ಸಿಕ್ಕಿತು. ದೊಡ್ಡ ಕಂಪೆನಿಗೆ ಹೋಗುವ ದುಡ್ಡು ರಿಕ್ಷಾದವನಿಗೆ ಹೋಗಲಿ ಎಂದು ಯೋಚಿಸಲು ಅವರಿಗೆ ಯಾವ ರಾಜಕೀಯ ಪಕ್ಷವೂ ಹೇಳಿಕೊಟ್ಟದ್ದಲ್ಲ.

ಅಮೆರಿಕದಲ್ಲಿ 2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯನ ಸಾವಿನ ನಂತರ ಎದ್ದ ಚಳವಳಿಗೆ ಬಿಟಿಎಸ್ ತಂಡ ಮತ್ತು ಅದರ ಕಂಪೆನಿ 10 ಲಕ್ಷ ಡಾಲರ್ ಕೊಟ್ಟಿದ್ದು ಜೂನ್‌ನಲ್ಲಿ ಸುದ್ದಿಯಾಯಿತು. ‘ಆರ್ಮಿ’ ಎಂದು ಕರೆದುಕೊಳ್ಳುವ ಅಭಿಮಾನಿಗಳು ಸುಮಾರು ಒಂದು ದಿನದೊಳಗೆ ತಾವೂ ಅಷ್ಟೇ ಹಣ ಕೂಡಿಸಿದರು. ಡಲ್ಲಾಸ್ ನಗರದ ಪೊಲೀಸರು ಪ್ರತಿಭಟನಕಾರರ ವೀಡಿಯೋ ಕಳುಹಿಸಿ ಎಂದು ಆಪ್ ಕೊಟ್ಟರೆ ಅಭಿಮಾನಿಗಳು ಅದರೊಳಗೆ ಹಾಡು ಕುಣಿತದ ವೀಡಿಯೋ ತುಂಬಿಸಿಬಿಟ್ಟರು. ಆಪ್ ಕೆಲಕಾಲ ನಿಂತೇಹೋಯಿತು.

ಆದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಅದೇ ವರ್ಷ ಜೂನ್ 20ರಂದು ಟಲ್ಸಾ ನಗರದಲ್ಲಿ ಡೊನಾಲ್ಡ್ ಟ್ರಂಪ್ ಅವರ ಸಭೆ ಇತ್ತು. ಕೆ-ಪಾಪ್ ಅಭಿಮಾನಿಗಳೂ ಟಿಕ್‌ಟಾಕ್ ಬಳಸುವ ಹುಡುಗರೂ ಬರುವ ಮನಸ್ಸಿಲ್ಲದೆ ಟಿಕೆಟಿಗೆ ಹೆಸರು ಕೊಟ್ಟರು. ಹತ್ತು ಲಕ್ಷಕ್ಕೂ ಹೆಚ್ಚು ಬೇಡಿಕೆ ಬಂದಿದೆ ಎಂದು ಟ್ರಂಪ್ ಕಡೆಯವರು ಬೀಗಿದರು. 19,000 ಜನ ಹಿಡಿಸುವ ಸಭಾಂಗಣಕ್ಕೆ ಬಂದವರು ಅಗ್ನಿಶಾಮಕ ಇಲಾಖೆಯ ಲೆಕ್ಕದಲ್ಲಿ 6,200ಕ್ಕಿಂತ ಕಡಿಮೆ. ಮಕ್ಕಳು ಟ್ರಂಪ್‌ಗೆ ಮಣ್ಣು ಮುಕ್ಕಿಸಿದರು ಎಂದು ಲೋಕವೆಲ್ಲ ಕುಣಿಯಿತು. ನಿಜ ಏನೆಂದರೆ ಮೊದಲು ಬಂದವರಿಗೆ ಮೊದಲು ಜಾಗ ಎಂಬ ವ್ಯವಸ್ಥೆ ಅಲ್ಲಿತ್ತು. ಸುಳ್ಳು ಹೆಸರಿನಿಂದ ಒಬ್ಬರಿಗೂ ಜಾಗ ತಪ್ಪಿಲ್ಲ. ಕುರ್ಚಿ ಖಾಲಿ ಇದ್ದದ್ದಕ್ಕೆ ಕೊರೋನಾದ ಹೆದರಿಕೆಯಂಥ ಬೇರೆ ಕಾರಣಗಳಿದ್ದವು. ಅಭಿಮಾನಿಗಳು ಮಾಡಿದ್ದು ಎದುರಿನವರ ಲೆಕ್ಕ ಕೆಡಿಸಿ ನಗೆಪಾಟಲು ಮಾಡಿದ್ದಷ್ಟೇ.

ಹಾಗಾದರೆ ಅದು ಸರಿಯಾ? ತರಗತಿಯಲ್ಲಿ ಮಗು ಕೇಳಿದರೆ ನಾನು ಸರಿಯಲ್ಲ ಎಂದೇ ಹೇಳುತ್ತೇನೆ. ಇವತ್ತು ನಮಗೆ ಇಷ್ಟವಿಲ್ಲದವರ ಸಭೆಗೆ ಸುಳ್ಳು ಹೆಸರು ಕೊಟ್ಟವರು ನಾಳೆ ನಮ್ಮ ಸಭೆಗೂ ಕೊಡಬಹುದು. ದಾರಿ ತಪ್ಪಿದ್ದರೆ ಗುರಿ ಒಳ್ಳೆಯದೆಂದು ಅದು ಸರಿಯಾಗುವುದಿಲ್ಲ. ಬಾತ್ ಕೂಡಿಸಿ ಕೊಟ್ಟದ್ದು ಬೇರೆ, ಸುಳ್ಳು ಟಿಕೆಟ್ ಬೇರೆ.

ಅಭಿಮಾನದ ಬಲಕ್ಕೆ ಮಿತಿಯೂ ಇದೆ. ಟೇಲರ್ ಸ್ವಿಫ್ಟ್ ಎಂಬ ಗಾಯಕಿ 2018ರಲ್ಲಿ ಟೆನೆಸಿ ರಾಜ್ಯದಲ್ಲಿ ತಾನು ಯಾರಿಗೆ ಮತ ಹಾಕುತ್ತೇನೆಂದು ಬಹಿರಂಗವಾಗಿ ಬರೆದರು. ಆಕೆ ಬೆಂಬಲಿಸಿದ ಸೆನೆಟ್ ಅಭ್ಯರ್ಥಿ ಸೋತರು. 2024ರ ಸೆಪ್ಟೆಂಬರಿನಲ್ಲಿ ಕಮಲಾ ಹ್ಯಾರಿಸ್‌ಗೆ ಬೆಂಬಲ ಕೊಟ್ಟು ಮತದಾರರ ನೋಂದಣಿಯ ಕೊಂಡಿ ಹಾಕಿದಾಗ ಒಂದೇ ದಿನದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಅದನ್ನು ಒತ್ತಿ ನೋಡಿದರು. ಗೆದ್ದದ್ದು ಟ್ರಂಪ್. ಅಂದರೆ ಮೆಚ್ಚಿನ ಗಾಯಕಿ ಹೇಳಿದರೆ ಮತಪಟ್ಟಿಯಲ್ಲಿ ಹೆಸರು ಇದೆಯೇ ಎಂದು ಹುಡುಗರು ನೋಡುತ್ತಾರೆ, ಅದು ಒಳ್ಳೆಯದೇ. ಆದರೆ ದೇಶದ ಜನ ಮತ ಹಾಕುವುದು ಹಾಡು ಕೇಳಿ ಅಲ್ಲ.

ಅಭಿಮಾನದ ಇನ್ನೊಂದು ಮುಖ ಕ್ರೂರವಾದದ್ದು. ಕೊರಿಯಾದ ಗಾಯಕಿಯರಾದ ಸುಲ್ಲಿ ಮತ್ತು ಗೂ ಹಾರಾ 2019ರಲ್ಲಿ ಒಂದೂವರೆ ತಿಂಗಳ ಒಳಗೆ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಇಬ್ಬರೂ ಅಂತರ್ಜಾಲದ ನಿಂದನೆಯಿಂದ ನೊಂದಿದ್ದವರು. ಒಂದು ಹ್ಯಾಷ್‌ಟ್ಯಾಗನ್ನು ಮೇಲಕ್ಕೆತ್ತುವ ಸಾವಿರಾರು ಬೆರಳುಗಳು ಒಬ್ಬ ಹುಡುಗಿಯ ಮೇಲೆ ಮುಗಿಬಿದ್ದರೆ ಏನಾಗಬಹುದು ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು.

ಇನ್ನು ನಮ್ಮ ಕಡೆಯ ಅಭಿಮಾನದ ಕಥೆ. ಕನ್ನಡಿಗರಿಗೆ ಇದು ಹೊಸತೇನಲ್ಲ. 1982ರ ಗೋಕಾಕ್ ಚಳವಳಿಯನ್ನು ಸಾಹಿತಿಗಳು ನಡೆಸುತ್ತಿದ್ದಾಗ ಅದು ಸಭೆ, ಧರಣಿಯ ಮಟ್ಟದಲ್ಲಿತ್ತು. ಡಾ. ರಾಜ್‌ಕುಮಾರ್ ಇಳಿದ ಮೇಲೆ ಅದು ಊರೂರಿನ ಚಳವಳಿಯಾಯಿತು. ಅಭಿಮಾನಿ ಸಂಘದ ಹುಡುಗರು ಅದರ ಕೈಕಾಲಾದರು. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಅಭಿಮಾನದಿಂದ ಇಂಥ ಒಳ್ಳೆಯ ಕೆಲಸವೂ ಆಗುತ್ತದೆ. ಆದರೆ ಪಕ್ಕದ ತಮಿಳುನಾಡಿನಲ್ಲಿ ನಟ ವಿಜಯ್ 2024ರಲ್ಲಿ ಪಕ್ಷ ಕಟ್ಟಿದರು, 2025ರ ಸೆಪ್ಟೆಂಬರ್ 27ರಂದು ಕರೂರಿನ ಅವರ ಸಭೆಯಲ್ಲಿ ನೂಕುನುಗ್ಗಲಾಗಿ 41 ಜನ ಸತ್ತರು. ಸತ್ತವರಲ್ಲಿ ಮಕ್ಕಳೂ ಇದ್ದರು.

ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದು: ನಮ್ಮಲ್ಲಿ ನಟ ಮುಂದೆ, ಅಭಿಮಾನಿ ಹಿಂದೆ. ನಟ ಕರೆದರೆ ಅಭಿಮಾನಿ ಬೀದಿಗೆ ಬರುತ್ತಾನೆ, ನಟ ಮನೆಗೆ ಹೋದರೆ ಇವನೂ ಮನೆಗೆ. ಕೊರಿಯಾ, ಥಾಯ್ಲೆಂಡಿನಲ್ಲಿ ಹಾಡುಗಾರರು ಹೆಚ್ಚಾಗಿ ಬಾಯಿ ಬಿಡಲೇ ಇಲ್ಲ. ಅಭಿಮಾನಿಗಳು ಅವರಿಗಾಗಿ ಕಾಯಲೂ ಇಲ್ಲ. ಬಳಗದಲ್ಲಿ ಕಲಿತ ವಿದ್ಯೆಯನ್ನು ತಮ್ಮ ಕೆಲಸಕ್ಕೆ ಬಳಸಿಕೊಂಡರು. ಅಷ್ಟೇ ಅಲ್ಲ, ತಮ್ಮ ಕಲಾವಿದರ ಕಂಪೆನಿಗಳನ್ನೇ ಪ್ರಶ್ನಿಸಿದರು. 2021ರಲ್ಲಿ ಇಂಡೋನೇಷ್ಯಾ ಮತ್ತು ಕೊರಿಯಾದ ಇಬ್ಬರು ತರುಣಿಯರು ಆರಂಭಿಸಿದ ‘ಕೆಪಾಪ್‌ಫೋರ್‌ಪ್ಲಾನೆಟ್’ ಎಂಬ ಗುಂಪು, ಒಂದೊಂದು ಚಿತ್ರದ ಕಾರ್ಡಿನ ಆಸೆ ತೋರಿಸಿ ಒಬ್ಬರಿಗೇ ಹತ್ತಾರು ಸಿ.ಡಿ. ಮಾರುವ ಕ್ರಮವನ್ನು ನಿಲ್ಲಿಸಿ, ಪ್ಲಾಸ್ಟಿಕ್ ಕಸ ಕಡಿಮೆ ಮಾಡಿ ಎಂದು ಕಂಪೆನಿಗಳ ಬಾಗಿಲಿಗೇ ಹೋಯಿತು. ಮೆಚ್ಚಿದವರನ್ನು ತಿದ್ದಬಲ್ಲ ಅಭಿಮಾನ ಎಂದರೆ ಇದು. ತಿದ್ದಲು ಬಾರದ ಅಭಿಮಾನ ಬರೇ ಭಜನೆ.

ಈಗ ನಮ್ಮ ಶಾಲೆಯ ವಿಷಯಕ್ಕೆ ಬರೋಣ. ಕನ್ನಡ ಕಲಿತರೆ ಏನು ಸಿಗುತ್ತದೆ ಎಂದು ಕೇಳುವ ತಂದೆತಾಯಿಯನ್ನು ನಾವು ಪ್ರತಿ ಜೂನ್ ತಿಂಗಳಲ್ಲೂ ನೋಡುತ್ತೇವೆ. ಅದೇ ಮನೆಯ ಹುಡುಗಿ ಯಾವ ಕೆಲಸದ ಆಸೆಯೂ ಇಲ್ಲದೆ, ಯಾವ ಟೀಚರೂ ಹೇಳದೆ, ಹಂಗುಲ್ ಲಿಪಿ ಕಲಿಯುತ್ತಾಳೆ! ಭಾಷೆಯನ್ನು ಜನ ಕಲಿಯುವುದು ಕೆಲಸಕ್ಕಾಗಿ ಮಾತ್ರ ಅಲ್ಲ, ಪ್ರೀತಿಗಾಗಿಯೂ ಕಲಿಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಕೊರಿಯನ್ ಭಾಷೆಯ ಹಾಡು, ಸಂದರ್ಶನಗಳನ್ನೆಲ್ಲ ಅಭಿಮಾನಿಗಳೇ ಕೂತು ಬೇರೆ ಭಾಷೆಗಳಿಗೆ ಅನುವಾದ ಮಾಡುತ್ತಾರೆ, ಸಂಬಳವಿಲ್ಲದೆ. ನಮ್ಮ ಯಕ್ಷಗಾನಕ್ಕೆ, ಕಯ್ಯಾರ ಕಿಞ್ಞಣ್ಣ ರೈಗಳಿಗೆ ಅಂಥ ಅಭಿಮಾನಿ ಬಳಗ ಎಲ್ಲಿದೆ?

2017ರಲ್ಲಿ ಕೇರಳದಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ನಾವು ಕಾಸರಗೋಡಿನಲ್ಲಿ ಪ್ರತಿಭಟನೆ ಮಾಡಿದೆವು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕಿದಾಗಲೂ ಮಕ್ಕಳು, ಪೋಷಕರು ಶಾಲೆಯ ಗೇಟಿನಲ್ಲಿ ಕೂತದ್ದುಂಟು. ಆದರೆ ನಮ್ಮ ಪ್ರತಿಭಟನೆ ಹೇಗಿರುತ್ತದೆ ಹೇಳಿ? ನಾಲ್ಕು ಭಾಷಣ, ಒಂದು ಮನವಿ ಪತ್ರ, ಮರುದಿನದ ಪತ್ರಿಕೆಯಲ್ಲಿ ಫೋಟೋ. ಆ ಮನವಿ ಯಾವ ಮೇಜಿನಲ್ಲಿದೆ ಎಂದು ಮೂರು ತಿಂಗಳ ನಂತರ ಕೇಳುವವರಿಲ್ಲ. ಯಾವ ಶಾಲೆಯಲ್ಲಿ ಯಾವ ಹುದ್ದೆ ಖಾಲಿ ಇದೆ ಎಂಬ ಪಟ್ಟಿ ನಮ್ಮಲ್ಲೇ ಇಲ್ಲ. ಬಿಟಿಎಸ್ ಅಭಿಮಾನಿ ಹುಡುಗಿಯಲ್ಲಿ ಕೇಳಿ ನೋಡಿ, ಹಾಡಿಗೆ ನಿನ್ನೆ ಎಷ್ಟು ನೋಟ, ಇವತ್ತು ಎಷ್ಟು, ಇನ್ನೆಷ್ಟು ಬೇಕು ಎಂದು ಬಾಯಿಪಾಠ ಹೇಳುತ್ತಾಳೆ. ನಮಗೆ ಬೇಕಾದದ್ದು ಆ ಲೆಕ್ಕ, ಆ ಛಲ.

ಹಾಗೆಂದು ಮಕ್ಕಳನ್ನು ಚಳವಳಿಗೆ ಇಳಿಸಬೇಕೆಂದು ಹೇಳುತ್ತಿಲ್ಲ. ಅದು ದೊಡ್ಡವರ ಕೆಲಸ. 2024ರ ಜನವರಿಯಲ್ಲಿ ತಮಿಳುನಾಡಿನ ಕರೂರು ಜಿಲ್ಲೆಯ ಮೂರು ಹುಡುಗಿಯರು ಬಿಟಿಎಸ್ ನೋಡಲು ಹಡಗು ಹತ್ತಿ ಕೊರಿಯಾಕ್ಕೆ ಹೋಗುತ್ತೇವೆಂದು ಮನೆ ಬಿಟ್ಟು ಹೊರಟು ಕಾಟ್ಪಾಡಿ ರೈಲು ನಿಲ್ದಾಣದಲ್ಲಿ ಸಿಕ್ಕಿದರು. ಹದಿಮೂರರ ಪ್ರಾಯದವರು. ಪುಣ್ಯಕ್ಕೆ ಸಿಕ್ಕಿದರು. ಮನೆಯಲ್ಲಿ, ಶಾಲೆಯಲ್ಲಿ ಈ ಪ್ರೀತಿಯ ಬಗ್ಗೆ ನಗದೆ ಕೇಳುವ ಒಬ್ಬರು ಇದ್ದರೆ ಇಂಥ ಗುಟ್ಟಿನ ಪ್ರಯಾಣಗಳು ಕಡಿಮೆಯಾಗುತ್ತವೆ ಎಂದು ನನ್ನ ನಂಬಿಕೆ.

ಆದ್ದರಿಂದ ನನ್ನ ಸಲಹೆ ಇಷ್ಟೇ. ಅಭಿಮಾನವನ್ನು ನಿಷೇಧಿಸುವುದು ಬೇಡ. ಅದರ ಬಗ್ಗೆ ಕನ್ನಡದಲ್ಲಿ ಎರಡು ಪುಟ ಬರೆಯಲು ಹೇಳಿ. ಯಾರಾದರೂ ದುಡ್ಡು ಹಾಕು, ಹ್ಯಾಷ್‌ಟ್ಯಾಗ್ ಹಾಕು, ಇವರನ್ನು ಬೈ ಎಂದರೆ ಮೂರು ಪ್ರಶ್ನೆ ಕೇಳಲು ಕಲಿಸಿ: ಇದು ನಿಜವೇ? ಇದರಿಂದ ಯಾರಿಗೆ ನೋವಾಗುತ್ತದೆ? ದುಡ್ಡಿನ ಲೆಕ್ಕ ಯಾರು ಕೊಡುತ್ತಾರೆ? ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಇದೆ, ಕಂಪ್ಯೂಟರ್ ಇದೆ. ಅಲ್ಲಿನ ಮಕ್ಕಳಿಗೆ ಕನ್ನಡ ಟೈಪಿಂಗ್ ಕಲಿಸಿ, ನಮ್ಮ ಊರು, ನಮ್ಮ ಶಾಲೆ, ನಮ್ಮ ಕಲಾವಿದರ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಬರೆಸಬಹುದು. ತುಳು ಮಾತಾಡುವ ಮಕ್ಕಳಿಗೆ 2016ರಿಂದ ತುಳು ವಿಕಿಪೀಡಿಯವೂ ಇದೆ. ಹಂಗುಲ್ ಬರೆಯುವ ಬೆರಳಿಗೆ ಇದು ಕಷ್ಟವಲ್ಲ.

ಮತ್ತು ದೊಡ್ಡವರಾದ ನಾವು ಖಾಲಿ ಹುದ್ದೆಗಳ ಆ ಪಟ್ಟಿಯನ್ನು ಮಾಡೋಣ. ಶಾಲೆಗೊಬ್ಬರು ಸಾಕು. ನಿಮ್ಮ ಶಾಲೆಯಲ್ಲಿ ಈಗ ಯಾವ ವಿಷಯಕ್ಕೆ ಕನ್ನಡ ಬಲ್ಲ ಅಧ್ಯಾಪಕರಿಲ್ಲ, ಎಂದಿನಿಂದ ಇಲ್ಲ? ಬರೆದು ತಿಳಿಸಿ, ಅಲ್ಲಿಂದಲೇ ಸುರು ಮಾಡುವ.